ಓಕುಳಿ ಕುಡಿದ ಕಿವಿ ಮಷೀನು

ಓಕುಳಿ ಹೊಯ್ದವರ ಮೇಲೆ ಸಿಟ್ಟು ಮಾಡಿಕೊಳ್ಳಬಾರದು ಅನ್ನುವುದು ನಮ್ಮ ಮನೆಯ ನಿಯಮ. ನಾನು ಮಾಡಿಕೊಂಡೆ. ಆವತ್ತು ಎಂಟನೇ ಕ್ಲಾಸಿನ ಹುಡುಗಿ ಮಾಡಿಕೊಂಡ ಸಿಟ್ಟು ಇವತ್ತು ಇದನ್ನು ಟೈಪ್ ಮಾಡುವಾಗಲೂ ಬೆರಳ ತುದಿಗೆ ಬಂದು ನಿಂತಿದೆ. ಯುಗಾದಿಗೆ ಬಾ ಎಂದು ಊರಿನಿಂದ ಕರೆಯುತ್ತಾರೆ. ಬೇವುಬೆಲ್ಲದ ದಿನ ಹೋಗಿ ಮರುದಿನ ಬೆಳಗಿನ ಬಸ್ಸಿಗೇ ವಾಪಸ್ ಬರುತ್ತೇನೆ. ಯಾಕೆ ಅಂತ ಕೇಳಿದವರಿಗೆ ಬಣ್ಣ ಮೈಗೆ ಆಗಿಬರುವುದಿಲ್ಲ ಅಂತ ಹೇಳಿ ಮುಗಿಸುತ್ತೇನೆ. ಪಾಪ, ಬಣ್ಣದ್ದೇನೂ ತಪ್ಪಿಲ್ಲ.

ಕೊಟ್ಟೂರಿನ ಹಳೆಯ ಓಣಿಯಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬಾಗಿಲು ದಾಟಿದರೆ ಎಡಕ್ಕೆ ಮೊದಲು ಎತ್ತು ಕಟ್ಟುತ್ತಿದ್ದ ಜಾಗ. ಎತ್ತು ಮಾರಿದ ಮೇಲೆ ಅಲ್ಲಿ ಚಿಕ್ಕಪ್ಪನ ಟ್ರ್ಯಾಕ್ಟರಿನ ಸಾಮಾನು ಬಂದು ಬಿದ್ದಿತ್ತು. ಮೆಟ್ಟಿಲು ಹತ್ತಿದರೆ ಪಡಸಾಲೆ, ಅದು ಗಂಡಸರದು ಮತ್ತು ಅಜ್ಜಿಯದು. ಅದರ ಹಿಂದೆ ಅಡುಗೆ ಮನೆ, ಅದು ಅವ್ವನದು. ಮನೆಯ ತೀರ್ಮಾನಗಳೆಲ್ಲ ಪಡಸಾಲೆಯಲ್ಲಿ ಆಗಿ, ಉಂಡು ಬಿಟ್ಟ ತಟ್ಟೆಗಳ ಜೊತೆ ಅಡುಗೆ ಮನೆಗೆ ಬರುತ್ತಿದ್ದವು. ಅವ್ವನನ್ನು ಯಾರೂ ಕೇಳುತ್ತಿರಲಿಲ್ಲ, ಯಾಕೆಂದರೆ ಅವಳಿಗೆ ಕಿವಿ ಕೇಳುತ್ತಿರಲಿಲ್ಲ. ನಾನು ಹುಟ್ಟಿದ ವರ್ಷ ಬಂದ ಜ್ವರವೊಂದು ಅವಳ ಎರಡು ಕಿವಿಯನ್ನೂ ಮುಚ್ಚಿಸಿಬಿಟ್ಟಿತ್ತಂತೆ. ಹತ್ತಿರ ಕೂತು ಜೋರಾಗಿ ಹೇಳಿದರೆ ಅಷ್ಟಿಷ್ಟು ಕೇಳುತ್ತಿತ್ತು. ನಾಲ್ಕು ಜನ ಸೇರಿ ಮಾತಾಡಿದರೆ ಅವಳಿಗೆ ಅದು ಗಿರಣಿಯ ಸದ್ದು. ಅಜ್ಜಿ ಅವಳ ಎದುರಿಗೇ, ರೊಟ್ಟಿ ಬಡಿಯುತ್ತಿರುವ ಅವಳ ಬೆನ್ನಿಗೇ, ಅವಳ ಬಗ್ಗೆ ಬೇಕಾದ್ದು ಮಾತಾಡುತ್ತಿದ್ದಳು. ಅಜ್ಜಿಯ ಬಾಯಲ್ಲಿ ಅವ್ವನಿಗೆ ಹೆಸರೇ ಇರಲಿಲ್ಲ. ಹಡಗಲಿಯಾಕಿ. ಮದುವೆಯಾಗಿ ಅಷ್ಟು ವರ್ಷವಾದರೂ ಅವಳು ಹಡಗಲಿಯಾಕಿಯೇ.

ಹಡಗಲಿಯಲ್ಲಿ ಅವ್ವನ ತಮ್ಮ, ನಮ್ಮ ಸೋದರಮಾವ, ಮಲ್ಲಿಗೆ ತೋಟ ಮಾಡಿಕೊಂಡಿದ್ದ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಬಂದವನು ಯಾರನ್ನೂ ಕೇಳದೆ ಅಕ್ಕನನ್ನು ದಾವಣಗೆರೆಗೆ ಕರೆದುಕೊಂಡು ಹೋಗಿ ಕಿವಿ ಮಷೀನು ಹಾಕಿಸಿಕೊಂಡು ಬಂದ. ಈಗಿನಂತೆ ಕಿವಿಯ ಹಿಂದೆ ಅಡಗಿ ಕೂರುವಂಥದ್ದಲ್ಲ. ಬೆಂಕಿಪೊಟ್ಟಣಕ್ಕಿಂತ ಕೊಂಚ ದೊಡ್ಡ ಡಬ್ಬಿ, ಅದರ ನೆತ್ತಿಯ ಮೇಲೆ ಜಾಲರಿ, ಒಳಗೆ ಒಂದು ಪೆನ್ಸಿಲ್ ಸೆಲ್ಲು. ಡಬ್ಬಿಯಿಂದ ಒಂದು ವೈರು ಹೊರಟು ಕಿವಿಯೊಳಗಿನ ಗುಂಡಿಗೆ ಸೇರುತ್ತಿತ್ತು. ಅವ್ವ ಕುಪ್ಪಸದೊಳಗೆ ಅದಕ್ಕೊಂದು ಜೇಬು ಹೊಲಿದುಕೊಂಡಳು. ಸೆರಗಿನ ಅಂಚಿನಿಂದ ವೈರು ಮೇಲೇರಿ ಕಿವಿಗೆ ಹೋಗುವುದು ಎಲ್ಲರಿಗೂ ಕಾಣುತ್ತಿತ್ತು. ಅದು ಕಾಣುವುದೇ ಅಜ್ಜಿಗೆ ತೊಂದರೆ. ಹೊಗೆ ತಗಲಿ ಕೆಡುತ್ತದೆ, ಒಲೆ ಮುಂದೆ ತೆಗೆದಿಡು ಎಂದು ದಿನಾ ಕಾಳಜಿ ಮಾಡುತ್ತಿದ್ದಳು. ಅಷ್ಟು ವರ್ಷ ಆ ಹೊಗೆಯಲ್ಲಿ ಕೆಮ್ಮಿದ ಸೊಸೆಯ ಬಗ್ಗೆ ಇಲ್ಲದ ಕಾಳಜಿ ಡಬ್ಬಿಯ ಮೇಲೆ. ಅವ್ವ ತೆಗೆದಿಡಲಿಲ್ಲ.

ನಾನು ಎಂಟನೇ ಕ್ಲಾಸಿನಲ್ಲಿದ್ದ ವರ್ಷ ನನ್ನ ಒಡಹುಟ್ಟಿದ ಗಿರಿಜಕ್ಕ ಎಸ್ಸೆಸ್ಸೆಲ್ಸಿ. ಯುಗಾದಿಯಾದ ಮೇಲೆ ಪರೀಕ್ಷೆ. ಅಷ್ಟರಲ್ಲಿ ಚಿಕ್ಕಪ್ಪ ಒಂದು ಸಂಬಂಧ ತಂದ. ಚಿಕ್ಕಪ್ಪ ಅಂದರೆ ಅಪ್ಪನ ಒಬ್ಬನೇ ತಮ್ಮ, ಇನ್ನೂ ಮದುವೆಯಾಗದವನು, ಅಜ್ಜಿಯ ಮುದ್ದಿನ ಮಗ, ಓಣಿಯನ್ನೆಲ್ಲ ನಗಿಸುವವನು. ಉಚ್ಚಂಗಿದುರ್ಗದ ಕಡೆಯ ಒಂದು ಮನೆಯವರ ಜೊತೆ ಅವನು ಮೆಕ್ಕೆಜೋಳದ ವ್ಯಾಪಾರ ಮಾಡುತ್ತಿದ್ದ. ಆ ಮನೆಯ ಕಿರಿಯ ಹುಡುಗನಿಗೆ ಗಿರಿಜಕ್ಕನನ್ನು ಕೊಡುವುದು ಅಂತ. ಅವ್ವ ಪರೀಕ್ಷೆ ಮುಗಿಯಲಿ ಅಂದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಅವಳು ಅಡುಗೆ ಮನೆಯ ಬಾಗಿಲಿಗೆ ಬೆನ್ನು ಮಾಡಿ ಜೋಳ ಹಸನು ಮಾಡುತ್ತಿದ್ದಾಗ, ಪಡಸಾಲೆಯಲ್ಲಿ ಚಿಕ್ಕಪ್ಪ ಅಜ್ಜಿಗೆ ಹೇಳುತ್ತಿದ್ದದ್ದು ಮಷೀನಿನಲ್ಲಿ ಬಂದಿತು. ಹುಡುಗನಿಗೆ ಈಗಾಗಲೇ ಒಂದು ಮದುವೆ ಆಗಿದೆ, ಆ ಹುಡುಗಿ ಹೊಡೆತ ತಾಳಲಾರದೆ ಹರಪನಹಳ್ಳಿಯ ತವರಿಗೆ ಹೋಗಿ ಕೂತಿದ್ದಾಳೆ, ಸೋಡಚೀಟಿ ಬರೆದು ಮದುವೆ ಮುರಿದದ್ದೂ ಆಗಿದೆ, ಅಣ್ಣನ ಮುಂದೆ ಈಗಲೇ ಅದನ್ನು ಎತ್ತುವುದು ಬೇಡ. ಅವ್ವ ಮೊರ ಕೆಳಗಿಡಲಿಲ್ಲವಂತೆ. ಕಲ್ಲು ಆರಿಸುತ್ತಲೇ ಪೂರ್ತಿ ಕೇಳಿಸಿಕೊಂಡಳಂತೆ.

ಆವತ್ತೇ ಅಪ್ಪನಿಗೆ ಹೇಳಿದಳು. ಅಪ್ಪ ತಮ್ಮನನ್ನು ಕರೆದು ಕೇಳಿದ. ಚಿಕ್ಕಪ್ಪ ಅವ್ವನ ಕಡೆ ನೋಡಿ ನಗುತ್ತಾ ನಿಂತ.

"ಅಣ್ಣಾ, ಅತ್ತಿಗಿ ಮಷೀನ್ನ್ಯಾಗ ರೇಡಿಯೋ ಹತ್ತೈತಿ. ಎಲ್ಲಿದೋ ನಾಟ್ಕ ಕೇಳ್ಯಾಳ."

ಅಜ್ಜಿ ನಕ್ಕಳು. ನಮ್ಮಪ್ಪನೂ ಅರೆಬರೆ ನಕ್ಕ. ನನಗೆ ಆ ನಗು ಈಗಲೂ ಆಗುವುದಿಲ್ಲ. ಒಬ್ಬ ತಾಯಿ ಬಂದು ಮಗಳನ್ನು ಹೊಡೆಯುವ ಮನೆಗೆ ಕೊಡುತ್ತಿದ್ದಾರೆ ಎಂದು ಹೇಳಿದರೆ, ಅವಳ ಕಿವಿಯ ಬಗ್ಗೆ ಜೋಕು. ಕೊನೆಗೆ ಅಪ್ಪ ತನಗೆ ಸುಲಭವಾದದ್ದನ್ನು ಮಾಡಿದ. ಹಬ್ಬ ಕಳೆದು ಭಾನುವಾರ ಅವರೇ ಮಾತುಕತೆಗೆ ಬರುತ್ತಾರಲ್ಲ, ಎದುರಿಗೇ ನೀನೇ ಕೇಳು, ಅವರು ಏನು ಹೇಳುತ್ತಾರೋ ಕೇಳಿಸಿಕೋ, ಇಲ್ಲ ಅಂದರೆ ಬಾಯಿ ಮುಚ್ಚು ಅಂದ. ಅಂದರೆ ಎಲ್ಲವೂ ಆ ಡಬ್ಬಿಯ ಮೇಲೆ ಬಂದು ನಿಂತಿತು. ಅದಿಲ್ಲದೆ ಪಡಸಾಲೆಯಲ್ಲಿ ಕೂತರೆ ಅವ್ವನ ಮಾತಿಗೆ ಬೆಲೆಯಿಲ್ಲ, ಕಿವುಡಿ ಏನೋ ಅಂದಳು ಎಂದು ಮುಗಿಸುತ್ತಾರೆ.

ಯುಗಾದಿಯ ಮರುದಿನ ಓಕುಳಿ. ಹಂಡೆಯಲ್ಲಿ ನೀರು ತುಂಬಿ, ಅರಿಶಿನ ಕಲಸಿ, ಸುಣ್ಣ ಹಾಕಿ ತಿರುವಿದರೆ ನೀರು ಕೆಂಪಾಗುತ್ತದೆ. ಅಜ್ಜಿಯೇ ಕಲಸುವಳು. ಯಾರು ಯಾರ ಮೇಲೆ ಹೊಯ್ಯಬೇಕು ಅನ್ನುವುದಕ್ಕೂ ಲೆಕ್ಕವಿದೆ. ಅಣ್ಣ ತಂಗಿಯ ಮೇಲೆ ಹೊಯ್ಯುವ ಹಾಗಿಲ್ಲ, ಮೈದುನ ಅತ್ತಿಗೆಯ ಮೇಲೆ ಹೊಯ್ಯಬಹುದು, ಅತ್ತಿಗೆ ತಿರುಗಿ ಹೊಯ್ಯಬಹುದು. ಹೊಯ್ಯಿಸಿಕೊಂಡವರು ನಗಬೇಕು. ಪ್ರತಿ ವರ್ಷ ಅವ್ವ ಬೆಳಿಗ್ಗೆಯೇ ಮಷೀನು ತೆಗೆದು ಗೋಡೆಯ ಗೂಡಿನಲ್ಲಿಟ್ಟು ಅಂಗಳಕ್ಕೆ ಇಳಿಯುತ್ತಿದ್ದಳು. ಆ ವರ್ಷ ಅಂಗಳಕ್ಕೆ ಇಳಿಯಲೇ ಇಲ್ಲ. ನನಗೆ ಈ ಸಲ ಓಕುಳಿ ಬೇಡ, ಮಷೀನು ಹಾಕಿಕೊಂಡಿದ್ದೇನೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಒಲೆಯ ಮುಂದೆ ಕೂತಳು. ಕಿವಿ ಕೇಳದವರ ಮಾತು ಜೋರಿರುತ್ತದೆ, ಓಣಿಗೇ ಕೇಳಿರಬೇಕು.

ಚಿಕ್ಕಪ್ಪ ಕೊಡ ತುಂಬಿಕೊಂಡು ಅಡುಗೆ ಮನೆಗೇ ಬಂದ. ಚಪ್ಪಲಿ ಬಿಟ್ಟು, ಹೆಜ್ಜೆ ಸದ್ದಾಗದಂತೆ. ಅವ್ವ ತಿರುಗುವಷ್ಟರಲ್ಲಿ ಕೊಡ ಬಗ್ಗಿಸಿದ. ತಲೆಯ ಮೇಲೆ ಹೊಯ್ಯುವುದು ವಾಡಿಕೆ. ಅವನು ಹೊಯ್ದದ್ದು ಎದೆಯ ಮೇಲೆ, ನೆಟ್ಟಗೆ, ನಿಧಾನವಾಗಿ, ಕೊಡ ಖಾಲಿಯಾಗುವವರೆಗೆ. ಒಲೆ ಚುಯ್ ಎಂದು ಆರಿತು. ಬಾಗಿಲಲ್ಲಿ ನಿಂತಿದ್ದ ಓಣಿಯ ಹೆಂಗಸರು ನಕ್ಕರು. ಅವ್ವ ಒದ್ದೆ ಸೆರಗಿನೊಳಗೆ ಕೈ ಹಾಕಿ ಡಬ್ಬಿ ತೆಗೆದಳು. ಜಾಲರಿಯಿಂದ ಕೆಂಪು ನೀರು ಸೋರುತ್ತಿತ್ತು. ಅವಳು ನಗಲಿಲ್ಲ, ಅಳಲೂ ಇಲ್ಲ. ಡಬ್ಬಿಯನ್ನು ಅಂಗೈಯಲ್ಲಿಟ್ಟುಕೊಂಡು ನನ್ನ ಕಡೆ ಚಾಚಿದಳು.

ನಾನು ಮಾಡಿದ ಮೊದಲ ಕೆಲಸ, ಹಿಂದಿನ ಮುಚ್ಚಳ ಜಾರಿಸಿ ಸೆಲ್ಲು ಕಿತ್ತದ್ದು. ಚಿಕ್ಕಪ್ಪ ಡಬ್ಬಿಗೆ ಕೈ ಚಾಚಿದ. ಹಚ್ಚಿ ನೋಡೋಣ, ನಡೆಯುತ್ತಿದ್ದರೆ ನಡೆಯುತ್ತದೆ ಅಂದ. ಎಲ್ಲರಿಗೂ ಇದೇ ಚಟ. ನೀರು ಬಿದ್ದ ಸಾಮಾನನ್ನು ಮೊದಲು ಹಚ್ಚಿ ನೋಡಬೇಕು, ಸುಟ್ಟ ವಾಸನೆ ಬಂದ ಮೇಲೆ ಹೋಯಿತು ಅನ್ನಬೇಕು. ಒದ್ದೆಯಲ್ಲಿ ಕರೆಂಟು ಹರಿಯಬಾರದ ಕಡೆಯೆಲ್ಲ ಹರಿಯುತ್ತದೆ, ಕೊಲ್ಲುವುದು ಬರೀ ನೀರಲ್ಲ ಎಂದು ಅವತ್ತು ಆ ಮನೆಯಲ್ಲಿ ಯಾರಿಗೆ ಹೇಳಲಿ. ಕೊಡುವುದಿಲ್ಲ ಅಂದೆ. ಅಜ್ಜಿ ಬಂದು ಕೆನ್ನೆಗೆ ಕೊಟ್ಟಳು.

"ಹಬ್ಬದ ನೀರಿಗೆ ಏನ್ ಆಕ್ಕತಿ? ಹಚ್ಚಾಕ ಕೊಡು ಅವನ ಕೈಗೆ. ಗಂಡ್ಮಗನ ಮುಂದ ಎದುರಾಡ್ತಾಳ, ಥೇಟ್ ಹಡಗಲಿಯಾಕಿ."

ಸೆಲ್ಲನ್ನು ಲಂಗದ ಜೇಬಿಗೆ ತುರುಕಿಕೊಂಡು, ಡಬ್ಬಿ ಹಿಡಿದೇ ಮಾಳಿಗೆ ಹತ್ತಿಬಿಟ್ಟೆ.

ಇದೆಲ್ಲ ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಹಿಂದಿನ ವರ್ಷ ಅಪ್ಪನ ಟೇಪ್ ರೆಕಾರ್ಡರಿನ ಮೇಲೆ ಚಹಾ ಚೆಲ್ಲಿತ್ತು. ಬಿಸಿಲಿಗಿಟ್ಟು ಒಣಗಿಸಿದರು, ಹಾಡಿತು, ಎಲ್ಲರಿಗೂ ಖುಷಿ. ಕೆಲವು ದಿನ ಕಳೆದ ಮೇಲೆ ಗುಂಡಿಗಳು ಒತ್ತಿದಲ್ಲೇ ಕೂತವು, ಆಮೇಲೆ ದನಿಯೂ ನಿಂತಿತು. ಅಟ್ಟಕ್ಕೆ ಎಸೆದದ್ದನ್ನು ನಾನು ಇಳಿಸಿ ಬಿಚ್ಚಿದೆ. ಎಂಥ ಸೊಗಸು ಒಳಗೆ! ಸಣ್ಣ ಸಣ್ಣ ಬಣ್ಣದ ಪಟ್ಟೆಯ ಸಾಮಾನು, ಹಸಿರು ಹಲಗೆ, ಅದರ ಮೇಲೆ ತವರದ ದಾರಿಗಳು. ಆ ದಾರಿಗಳ ಮೇಲೆ ಸಕ್ಕರೆ ಅಂಟಿ ಕೂತಿತ್ತು, ಅದರ ಅಂಚಿಗೆ ತಾಮ್ರದ ಪಾತ್ರೆಗೆ ಬರುವಂಥ ಹಸಿರು ಕಿಲುಬು. ಆಗ ನನಗೆ ತಲೆಯಲ್ಲಿ ದೀಪ ಹತ್ತಿದಂತಾಯಿತು. ಒಣಗುವುದು ನೀರು ಮಾತ್ರ. ನೀರಿನಲ್ಲಿ ಇದ್ದದ್ದು ಅಲ್ಲೇ ಉಳಿದು ತಿನ್ನುತ್ತದೆ. ಚಹಾದಲ್ಲಿ ಸಕ್ಕರೆ ಇದ್ದರೆ ಓಕುಳಿಯಲ್ಲಿ ಸುಣ್ಣ. ಸುಣ್ಣ ಎಲೆ ಅಡಿಕೆ ಹಾಕುವವರ ನಾಲಿಗೆಯನ್ನೇ ಸುಡುತ್ತದೆ, ಕೂದಲಿನಂಥ ತಂತಿಯನ್ನು ಬಿಡುತ್ತದೆಯೇ? ಹಾಗಾಗಿ ಒಣಗಿಸುವ ಮುಂಚೆ ತೊಳೆಯಬೇಕು. ನಮ್ಮ ಬೋರಿನ ನೀರಿನಲ್ಲಂತೂ ಅಲ್ಲ, ಅದು ಪಾತ್ರೆಗೇ ಬಿಳಿ ಹಿಡಿಸುತ್ತಿತ್ತು. ಟ್ರ್ಯಾಕ್ಟರಿನ ಬ್ಯಾಟರಿಗೆ ತುಂಬುವ ಡಿಸ್ಟಿಲ್ಡ್ ನೀರಿನ ಕ್ಯಾನು ಎತ್ತಿನ ಜಾಗದಲ್ಲಿ ಇತ್ತು. ಚಿಕ್ಕಪ್ಪನದೇ. ಅದರಲ್ಲಿ ಉಪ್ಪು, ಸುಣ್ಣ ಏನೂ ಇರುವುದಿಲ್ಲ, ಆರಿದರೆ ಏನೂ ಉಳಿಸುವುದಿಲ್ಲ. ಹೊತ್ತು ತಂದೆ.

ಮಾಳಿಗೆಯ ಮೇಲೆ ಕೂತು ಡಬ್ಬಿಯ ಸ್ಕ್ರೂ ಬಿಚ್ಚಿದೆ. ಹಲಗೆ ಕೆಂಪಗಾಗಿತ್ತು. ಮೈಕಿನ ಬಾಯಿಯನ್ನು ಹತ್ತಿಯಿಂದ ಒತ್ತಿ ಒರೆಸಿ, ಅದಕ್ಕೆ ನೀರು ತಾಗದಂತೆ ಎತ್ತಿ ಹಿಡಿದು, ಉಳಿದ ಹಲಗೆಯನ್ನು ಬಟ್ಟಲಿನ ಶುದ್ಧ ನೀರಿನಲ್ಲಿ ಅದ್ದಿ ಹಳೆಯ ಬ್ರಷ್‌ನಿಂದ ಮೆಲ್ಲಗೆ ತಿಕ್ಕಿದೆ. ನೀರು ಕೆಂಪಾಯಿತು, ಚೆಲ್ಲಿದೆ, ಮತ್ತೆ ಹಾಕಿದೆ. ಅಷ್ಟರಲ್ಲಿ ಅಜ್ಜಿ ಮೆಟ್ಟಿಲು ಹತ್ತಿ ಬಂದು ನೋಡಿದಳು. ಆಮೇಲೆ ಆದ ಗದ್ದಲ ಹೇಳತೀರದು. ನೀರಿನಲ್ಲಿ ಬಿದ್ದದ್ದನ್ನು ಮತ್ತೆ ನೀರಿನಲ್ಲಿ ಹಾಕಿದ್ದಾಳೆ, ಇದಕ್ಕೆ ಹುಚ್ಚು ಹಿಡಿದಿದೆ ಅಂತ ಮಾಳಿಗೆಯಿಂದ ಮಾಳಿಗೆಗೆ ಸುದ್ದಿ ಹೋಯಿತು. ಚಿಕ್ಕಪ್ಪ ಅಂಗಳದಲ್ಲಿ ನಿಂತು ಅಪ್ಪನಿಗೆ ಹೇಳುತ್ತಿದ್ದ, ಕೊಡದಲ್ಲಿ ಹೋಗದ ಮಷೀನನ್ನು ನಿನ್ನ ಮಗಳು ಬಟ್ಟಲಲ್ಲಿ ಮುಳುಗಿಸಿ ಕೊಂದಳು ನೋಡು. ಅಷ್ಟು ಸಲೀಸಾಗಿ ಅವನ ಕೊಡ ನನ್ನ ತಲೆಗೆ ಬಂತು. ಅಪ್ಪ ನನ್ನ ಕಡೆ ನೋಡಿದ ನೋಟ ಬೈಗುಳಕ್ಕಿಂತ ಕೆಟ್ಟದ್ದು. ಮಗ್ಗುಲ ಮನೆಯ ನಾಗಮ್ಮ ಜೋಳದ ಚೀಲದಲ್ಲಿ ಹುಗಿಯಲು ಹೇಳಿದಳು, ಅವಳೊಬ್ಬಳೇ ಒಳ್ಳೆಯ ಮನಸ್ಸಿನಿಂದ ಹೇಳಿದವಳು. ಆದರೆ ಚೀಲದ ಧೂಳು ಜಾಲರಿಗೆ ಹೊಕ್ಕರೆ ಅದು ಬೇರೆ ರಗಳೆ. ಚೈತ್ರದ ನಮ್ಮೂರ ಗಾಳಿಗಿಂತ ಒಣ ಜಾಗ ಇನ್ನೆಲ್ಲಿದೆ? ಮೊರದಲ್ಲಿ ಹರವಿ, ತೆಳುವಾದ ಬಟ್ಟೆ ಮುಚ್ಚಿ, ನೆರಳಿನಲ್ಲಿಟ್ಟು ಕಾವಲು ಕೂತೆ. ಅಲ್ಲಿಗೇ ಅವ್ವ ರೊಟ್ಟಿ ತಂದು ಕೊಡುತ್ತಿದ್ದಳು. ಆ ದಿನಗಳಲ್ಲಿ ಅವಳ ಜೊತೆ ಯಾರಿಗೂ ಮಾತಿರಲಿಲ್ಲ, ಎಲ್ಲರಿಗೂ ಹಳೆಯ ಅಭ್ಯಾಸ ಎಷ್ಟು ಬೇಗ ಮರಳಿತ್ತು ಎಂದರೆ ಅವಳ ಬೆನ್ನ ಹಿಂದೆಯೇ ಭಾನುವಾರಕ್ಕೆ ಏನು ಅಡುಗೆ, ಎಷ್ಟು ತೊಲ ಬಂಗಾರ ಕೇಳಬಹುದು ಎಂದು ಶುರುವಾಗಿತ್ತು.

ಭಾನುವಾರ ಬೆಳಿಗ್ಗೆ ಹಲಗೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಒಂದು ಸುರುಳಿಯ ಬುಡದಲ್ಲಿ ಸೂಜಿ ಮೊನೆಯಷ್ಟು ಹೊಳಪು. ನೀರು ಇನ್ನೂ ಇತ್ತು. ಈಗ ಸೆಲ್ಲು ಹಾಕಿದರೆ ನಡೆಯಲೂಬಹುದು, ಶಾಶ್ವತವಾಗಿ ಹೋಗಲೂಬಹುದು. ಅಡುಗೆ ಮನೆಯಲ್ಲಿ ಅವ್ವನ ಕಿವಿಗೆ ಬಾಯಿ ಹಚ್ಚಿ ಹೇಳಿದೆ, ಇವತ್ತು ಆಗುವುದಿಲ್ಲ ಅಂತ. ಹೇಳುವಾಗ ನನಗೆ ಅಳು ಬಂತು, ಸಿಟ್ಟಿನ ಅಳು. ಅವ್ವ ಡಬ್ಬಿ ಮುಚ್ಚು ಎಂದು ಸನ್ನೆ ಮಾಡಿದಳು. ಸ್ಕ್ರೂ ಹಾಕಿದೆ. ಅವಳು ಅದನ್ನು ಕುಪ್ಪಸದ ಜೇಬಿಗೆ ಇಳಿಸಿ, ವೈರನ್ನು ಸೆರಗಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಎಳೆದು, ಗುಂಡಿಯನ್ನು ಕಿವಿಗೆ ಸಿಕ್ಕಿಸಿಕೊಂಡಳು. ಸೆಲ್ಲು ನನ್ನ ಜೇಬಿನಲ್ಲೇ ಇತ್ತು.

ಉಚ್ಚಂಗಿದುರ್ಗದ ಕಡೆಯವರು ಬಂದರು. ಹುಡುಗ, ಅವನ ಅಣ್ಣ, ಇಬ್ಬರು ಹಿರಿಯರು. ಅವ್ವ ಪಡಸಾಲೆಗೆ ಬಂದು, ಬಾಗಿಲ ಮರೆಯಲ್ಲಲ್ಲ, ಚಾಪೆಯ ತುದಿಯಲ್ಲಿ ಕೂತಳು. ಚಿಕ್ಕಪ್ಪನ ಕಣ್ಣು ವೈರಿನ ಮೇಲೆ ನಿಂತಿತು. ಅವನ ಮುಖದ ನಗು ನೀರು ಬಿದ್ದ ಒಲೆಯ ಹಾಗೆ ಆರಿದ್ದನ್ನು ನಾನು ಬಾಗಿಲಿನಿಂದ ನೋಡಿದೆ. ಮಳೆ, ಬೆಳೆ, ಬಸ್ಸಿನ ಮಾತು ಮುಗಿಯಲು ಬಿಟ್ಟು, ಎಲ್ಲರ ತುಟಿಗಳೂ ನಿಂತ ಮೇಲೆ ಅವ್ವ ಹುಡುಗನ ಅಣ್ಣನ ಕಡೆ ತಿರುಗಿದಳು.

"ಎಲ್ಲಾ ಕೇಳಸ್ಕಂಡೀನ್ರಿ ನಾ. ಹರಪನಹಳ್ಳಿ ಹುಡುಗಿ ಯಾಕ ತವರಿಗೆ ಹೋದ್ಲು, ಅದೊಂದು ನಮ್ಮನಿಯೋರ ಮುಂದ ನಿಮ್ಮ ಬಾಯಾಗ ಹೇಳಿಬಿಡ್ರಿ."

ಆ ಮನುಷ್ಯ ಅವಳ ಕಿವಿಯ ಗುಂಡಿ ನೋಡಿದ, ಆಮೇಲೆ ಚಿಕ್ಕಪ್ಪನನ್ನು ನೋಡಿದ.

"ಅದೆಲ್ಲಾ ನಿಮ್ಮ ಮೈದುನಗೆ ಮೊದ್ಲೇ ಹೇಳಿದ್ವಲ್ಲಮ್ಮಾ. ಮನೇಲಿ ಎಲ್ರಿಗೂ ಗೊತ್ತೈತಿ ಅಂದಿದ್ರು ಇವ್ರು. ಏನೋ ಸಿಟ್ನಾಗೆ ಒಂದೆರಡು ಏಟು ಹಾಕಿದ್ದ, ಅಷ್ಟಕ್ಕೇ ಸೋಡಚೀಟಿ ತಗಂಡ್ರು."

ಅವ್ವನಿಗೆ ಇದರಲ್ಲಿ ಒಂದಕ್ಷರವೂ ಕೇಳಿಸಿರಲಿಲ್ಲ. ಕೇಳಿದವಳ ಹಾಗೆ ತಲೆಯಾಡಿಸುತ್ತಾ ಅವಳು ನೋಡುತ್ತಿದ್ದದ್ದು ಅಪ್ಪನ ಮುಖವನ್ನು. ಅಪ್ಪನ ಮುಖದಲ್ಲಿ ಉತ್ತರ ಸಿಕ್ಕಿತು. ಎದ್ದು ಒಳಗೆ ಬಂದು ನನ್ನ ಭುಜ ಹಿಡಿದು, ಅವರಿಗೆ ಕಾಣದ ಕಡೆ ನಿಲ್ಲಿಸಿಕೊಂಡು, ಏನಂದರು ಎಂದು ಕಣ್ಣಲ್ಲೇ ಕೇಳಿದಳು. ನಾನು ದನಿಯಿಲ್ಲದೆ ತುಟಿ ಅಲುಗಿಸಿ ಒಂದೊಂದೇ ಮಾತು ಹೇಳಿದೆ. ಅವಳ ಬೆರಳುಗಳು ನನ್ನ ಭುಜದಲ್ಲಿ ಊರಿಕೊಂಡವು. ಹೊರಗೆ ಅಪ್ಪ, ಹುಡುಗಿಗೆ ಪರೀಕ್ಷೆ ಇದೆ, ಆಮೇಲೆ ನೋಡೋಣ ಅನ್ನುತ್ತಿದ್ದ. ಆಮೇಲೆ ಅನ್ನುವುದಕ್ಕೆ ಅರ್ಥ ಅವರಿಗೂ ಗೊತ್ತಿತ್ತು. ಚಹಾ ಕುಡಿದು ಹೋದರು.

ತಮ್ಮನನ್ನು ಅಪ್ಪ ಹಿಡಿದು ಕೇಳುತ್ತಾನೆ ಎಂದು ಕಾದೆ. ಕೇಳಲಿಲ್ಲ. ಹಬ್ಬದ ವಾರ, ಬಿಡು ಅಂದ. ಚಿಕ್ಕಪ್ಪನೇ ತಟ್ಟೆ ಒದ್ದು, ಮಂದಿಯ ಮುಂದೆ ಮರ್ಯಾದೆ ಕಳೆದಳು ಅಂತ ಅವ್ವನ ಮೇಲೆ ಕೂಗಾಡಿದ. ಅವ್ವ ಸುಮ್ಮನೆ ಚಾಪೆ ಸುತ್ತುತ್ತಿದ್ದಳು. ಆ ಕೂಗಾಟವೂ ಅವಳಿಗೆ ಕೇಳುತ್ತಿಲ್ಲ ಎಂದು ಗೊತ್ತಿದ್ದದ್ದು ನನಗೊಬ್ಬಳಿಗೇ. ಗಿರಿಜಕ್ಕ ಮೂಲೆಯಲ್ಲಿ ಗಣಿತದ ಪುಸ್ತಕ ತೆರೆದು ಕೂತಿದ್ದಳು, ಹಾಳೆ ತಿರುವಲಿಲ್ಲ. ಹೊಡೆಯುವವನನ್ನು ಕರೆತಂದವನು ಕೂಗಬಹುದು, ತಾಯಿ ಒಂದು ಪ್ರಶ್ನೆ ಕೇಳಬಾರದು. ಇದು ನಮ್ಮ ಮನೆ. ಆವತ್ತೇ ನಾನು ತೀರ್ಮಾನಿಸಿದೆ, ಈ ಮನೆಯಲ್ಲಿ ಕೆಟ್ಟದ್ದನ್ನೆಲ್ಲ ನಾನೇ ಬಿಚ್ಚುತ್ತೇನೆ, ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ ಅಂತ.

ಡಬ್ಬಿಯನ್ನು ಮತ್ತೆ ಬಿಚ್ಚಿ ಇನ್ನಷ್ಟು ಆರಲು ಬಿಟ್ಟೆ. ಸುರುಳಿಯ ಬುಡದ ಹೊಳಪು ಪೂರ್ತಿ ಹೋದ ಮೇಲೆ ಒಂದು ಬೆಳಿಗ್ಗೆ ಅಡುಗೆ ಮನೆಯಲ್ಲಿ ಸೆಲ್ಲು ಹಾಕಿದೆ. ಮೊದಲು ಕರಕರ, ಆಮೇಲೆ ಕುಂಯ್ ಎಂದು ಒಂದು ಶಿಳ್ಳೆ. ಅವ್ವ ಗುಂಡಿಯನ್ನು ಕಿವಿಯಲ್ಲಿ ಸರಿಯಾಗಿ ಕೂರಿಸಿಕೊಂಡಳು. ಶಿಳ್ಳೆ ನಿಂತಿತು. ನಾನು ಏನಾದರೂ ಮಾತಾಡಿ ಪರೀಕ್ಷೆ ಮಾಡಬೇಕು ಅನ್ನುವಷ್ಟರಲ್ಲಿ ಮೇಲಿನಿಂದ ಮಾತು ಬಿತ್ತು. ಅಜ್ಜಿ ಮಾಳಿಗೆಯ ಮೇಲೆ ಸಂಡಿಗೆ ಇಡುತ್ತಾ ಮಗ್ಗುಲ ಮಾಳಿಗೆಯ ನಾಗಮ್ಮನ ಜೊತೆ ಮಾತಾಡುತ್ತಿದ್ದಳು. ಅಡುಗೆ ಮನೆಯ ಮೇಲೆ ಮಾಳಿಗೆಗೆ ಕೊರೆದ ಬೆಳಕಿಂಡಿಯ ಪಕ್ಕದಲ್ಲೇ ಕೂತಿರಬೇಕು, ಒಂದೊಂದು ಮಾತೂ ನೆಟ್ಟಗೆ ಒಲೆಯ ಮುಂದಕ್ಕೆ ಇಳಿಯುತ್ತಿತ್ತು.

"ಮಷೀನು ಕೆಟ್ರ ಹಡಗಲಿಯಾಕಿ ತಣ್ಣಗ ಕುಂದರ್ತಾಳ ಅಂತ ನಾನಾ ಹೇಳಿದ್ದೆ ಅವಗ. ಎದಿ ಮ್ಯಾಲೇ ಹೊಯ್ಯಿ ಅಂದಿದ್ದೆ. ಹೊಯ್ದ, ಪಾಪ. ಏನ್ ಬಂತು."

ಮೆಟ್ಟಿಲ ಕಡೆ ನುಗ್ಗಿದೆ. ಅವ್ವ ನನ್ನ ಲಂಗದ ತುದಿ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಮುಖ ಮೇಲಕ್ಕೆತ್ತಿ ಬೆಳಕಿಂಡಿಯ ಕಡೆಗೆ ತಿರುಗಿಸಿದ್ದಳು. ನಾನು ಹುಟ್ಟಿದಾಗಿನಿಂದ ಕೇಳಿರದಷ್ಟು ಸಣ್ಣ ದನಿಯಲ್ಲಿ, ಮೇಲಿನವರಿಗೆ ಗೊತ್ತಾಗದಂತೆ, ಅವ್ವ ಹೇಳಿದಳು.

"ತಡಿ. ಇನ್ನೂ ಹೇಳ್ತಾಳ. ಪೂರ್ತಿ ಕೇಳಸ್ಕಳ್ಳಾನು."